ನಾಯಿ ಸೊರಗಿದೆ ಅನ್ನುವ ಮೊದಲು ಪಕ್ಕೆ ಮುಟ್ಟಿ ನೋಡಿ

ಮೇ ರಜೆ ಬಂತೆಂದರೆ ಮುಂಬೈಯ ನಮ್ಮವರೆಲ್ಲ ಊರಿಗೆ ಹೊರಡುತ್ತಾರೆ. ಉಡುಪಿ, ಕುಂದಾಪುರ, ಮಂಗಳೂರು, ಅಂಕೋಲಾ. ನಾಯಿಯನ್ನು ರೈಲಿನಲ್ಲಿ ಕರೆದೊಯ್ಯುವುದು ಸುಲಭವಲ್ಲ. ಹಾಗಾಗಿ ಕರ್ಜತ್ ಕಡೆಯೋ ಬದ್ಲಾಪುರದ ಕಡೆಯೋ ಒಂದು ಬೋರ್ಡಿಂಗ್‌ನಲ್ಲಿ ಬಿಟ್ಟು ಹೋಗುತ್ತಾರೆ. ತಿಂಗಳು ಕಳೆದು ವಾಪಸ್ ಬಂದಾಗ ನಾಯಿಗೆ ಸೊಂಟ ಕಾಣಿಸುತ್ತಿರುತ್ತದೆ. "ಪಾಪ, ಊಟವೇ ಹಾಕಿಲ್ಲ ಮಾರಾಯ್ರೆ! ಹೇಗೆ ಸೊರಗಿ ಹೋಗಿದೆ ನೋಡಿ" ಅಂತ ಬೋರ್ಡಿಂಗ್‌ನವರ ಜೊತೆ ಜಗಳ. ಡಾಕ್ಟರ ಹತ್ತಿರ ಕರೆದುಕೊಂಡು ಹೋದರೆ ಅವರು ಪಕ್ಕೆಲುಬಿನ ಮೇಲೆ ಕೈಯಾಡಿಸಿ, "ಈಗ ಸರಿಯಾಗಿದೆ. ಹೀಗೇ ಇರಲಿ" ಅನ್ನುತ್ತಾರೆ.

ಅಲ್ಲಿ ಆಗಿದ್ದು ಇಷ್ಟೇ. ಎರಡು ಹೊತ್ತು ಅಳತೆಯ ಊಟ, ನಡುವೆ ಬಿಸ್ಕೆಟ್ ಇಲ್ಲ, ಓಡಾಡಲು ಜಾಗ. ಆದರೂ ಡಾಕ್ಟರ ಮಾತನ್ನು ಎಷ್ಟೋ ಜನ ನಂಬುವುದಿಲ್ಲ. ಯಾಕೆಂದರೆ ಆರೋಗ್ಯವಾಗಿರುವ ನಾಯಿ, ಬೆಕ್ಕು ಹೇಗೆ ಕಾಣಬೇಕು ಅನ್ನುವ ಅಂದಾಜೇ ನಮ್ಮಲ್ಲಿ ತಪ್ಪಿಹೋಗಿದೆ. ಗುಂಡು ಗುಂಡಗಿದ್ದರೆ ಚೆನ್ನಾಗಿ ಸಾಕಿದ್ದಾರೆ, ಪಕ್ಕೆ ಕೈಗೆ ಸಿಕ್ಕರೆ ಉಪವಾಸ ಹಾಕಿದ್ದಾರೆ ಅಂತ ನಾವು ಅಂದುಕೊಳ್ಳುತ್ತೇವೆ. ವಿಷಯ ಹೆಚ್ಚು ಕಡಿಮೆ ಉಲ್ಟಾ.

ಕಿಲೋ ಎಷ್ಟಿರಬೇಕು?

ಎಲ್ಲರೂ ಮೊದಲು ಕೇಳುವ ಪ್ರಶ್ನೆ ಇದು. "ಲ್ಯಾಬ್ರಡಾರ್ ಎಷ್ಟು ಕೆಜಿ ಇರಬೇಕು ಡಾಕ್ಟ್ರೇ?" ತಳಿಯ ಪಟ್ಟಿಗಳಲ್ಲಿ ಉತ್ತರ ಇದೆ. ಗಂಡು ಲ್ಯಾಬ್ರಡಾರ್ ಸುಮಾರು 29ರಿಂದ 36 ಕಿಲೋ, ಹೆಣ್ಣು 25ರಿಂದ 32. ಪಗ್ 6ರಿಂದ 8. ಮನೆಯ ಸಾಮಾನ್ಯ ಬೆಕ್ಕು ಹೆಚ್ಚಿನಂಶ 3.5ರಿಂದ 5 ಕಿಲೋ.

ಆದರೆ ಈ ಸಂಖ್ಯೆಯಿಂದ ಅರ್ಧ ಕಥೆ ಮಾತ್ರ ಗೊತ್ತಾಗುತ್ತದೆ. ಸಣ್ಣ ಎಲುಬಿನ ಹೆಣ್ಣು ಲ್ಯಾಬ್ 31 ಕಿಲೋ ಇದ್ದರೆ ಅದಕ್ಕೆ ಬೊಜ್ಜು ಬಂದಿರಬಹುದು. ದೊಡ್ಡ ಚೌಕಟ್ಟಿನ ಗಂಡು 35 ಕಿಲೋ ಇದ್ದೂ ಕಟ್ಟುಮಸ್ತಾಗಿರಬಹುದು. ಮುಂಬೈಯ ಮನೆಗಳಲ್ಲಿ ಬೀದಿಯಿಂದ ತಂದು ಸಾಕಿದ ನಾಯಿಗಳೂ ತುಂಬಾ ಇವೆ. ಅವಕ್ಕೆ ಪಟ್ಟಿಯೇ ಇಲ್ಲ.

ಹಾಗಾಗಿ ಪಶುವೈದ್ಯರು ತೂಕದ ಜೊತೆಗೆ ಇನ್ನೊಂದು ಲೆಕ್ಕ ಇಟ್ಟುಕೊಳ್ಳುತ್ತಾರೆ. ಅದಕ್ಕೆ ಬಾಡಿ ಕಂಡಿಷನ್ ಸ್ಕೋರ್ ಅನ್ನುತ್ತಾರೆ. ಅಂದರೆ ಮೈಯಲ್ಲಿ ಕೊಬ್ಬು ಎಷ್ಟಿದೆ ಅಂತ ಮುಟ್ಟಿ, ನೋಡಿ ಕೊಡುವ ಅಂಕ. ಹೆಚ್ಚಾಗಿ 1ರಿಂದ 9ರವರೆಗೆ ಕೊಡುತ್ತಾರೆ. 1 ಅಂದರೆ ಬರೀ ಎಲುಬು ಚರ್ಮ. 9 ಅಂದರೆ ವಿಪರೀತ ಬೊಜ್ಜು. ನಾಯಿಗೆ 4 ಅಥವಾ 5 ಬಂದರೆ ಸರಿ, ಬೆಕ್ಕಿಗೆ 5. ಇಲ್ಲಿ 9ಕ್ಕೆ 9 ತೆಗೆಯುವುದು ಒಳ್ಳೆಯ ಸುದ್ದಿಯಲ್ಲ. 5ರ ಮೇಲೆ ಒಂದೊಂದು ಅಂಕಕ್ಕೂ ಇರಬೇಕಾದ ತೂಕಕ್ಕಿಂತ ಸುಮಾರು ಶೇಕಡಾ 10 ಹೆಚ್ಚು ಅಂತ ಲೆಕ್ಕ. 10 ಕಿಲೋ ಇರಬೇಕಾದ ಬೀಗಲ್ 12 ಕಿಲೋ ಆದರೆ ಅದರ ಅಂಕ 7ರ ಹತ್ತಿರ.

ಬೆಕ್ಕಿನ ಲೆಕ್ಕದಲ್ಲಂತೂ ನಾವು ತುಂಬಾ ಎಡವುತ್ತೇವೆ. ಒಂದು ಕಿಲೋ ಹೆಚ್ಚಾಯಿತು ಅಂದರೆ ನಮಗೆ ಏನೂ ಅನ್ನಿಸುವುದಿಲ್ಲ. ಆದರೆ 4 ಕಿಲೋದ ಬೆಕ್ಕು 5 ಕಿಲೋ ಆಯಿತೆಂದರೆ ಅದರ ಮೈ ಕಾಲು ಭಾಗ ಬೆಳೆದಂತೆ.

ಕೈಯಲ್ಲೇ ಇರುವ ಅಳತೆ

ಈ ಅಂಕವನ್ನು ಮನೆಯಲ್ಲೇ ಸುಮಾರಾಗಿ ಅಂದಾಜು ಮಾಡಬಹುದು. ನಿಮ್ಮ ಎಡಗೈಯನ್ನು ಮೇಜಿನ ಮೇಲೆ ಅಂಗೈ ಕೆಳಗಾಗಿ ಚಪ್ಪಟೆ ಇಡಿ. ಬಲಗೈ ಬೆರಳುಗಳನ್ನು ಅದರ ಹಿಂಭಾಗದ ಮೇಲೆ ಅಡ್ಡಕ್ಕೆ ಆಡಿಸಿ. ಎಲುಬುಗಳು ಒತ್ತದೆಯೇ ಸಿಗುತ್ತವೆ, ಮೇಲೆ ತೆಳುವಾದ ಹೊದಿಕೆ ಇದೆ. ನಾಯಿಯ, ಬೆಕ್ಕಿನ ಪಕ್ಕೆಲುಬು ಹೀಗೆ ಸಿಕ್ಕರೆ ತೂಕ ಸರಿ ಇದೆ. ಈಗ ಮುಷ್ಟಿ ಕಟ್ಟಿ ಗೆಣ್ಣುಗಳ ಮೇಲೆ ಬೆರಳಾಡಿಸಿ. ಪಕ್ಕೆ ಹಾಗೆ ಚೂಪಾಗಿ ಸಿಕ್ಕರೆ ಪ್ರಾಣಿ ಬಡಕಲಾಗಿದೆ. ಇನ್ನು ಕೈಯನ್ನು ಮಗುಚಿ, ಬೆರಳಿನ ಬುಡದ ಅಂಗೈ ಭಾಗ ಮುಟ್ಟಿ. ಒತ್ತಿ ಹುಡುಕಿದರೆ ಮಾತ್ರ ಎಲುಬು ಸಿಗುತ್ತದೆ, ಅಲ್ವಾ? ಪಕ್ಕೆ ಹಾಗಿದ್ದರೆ ತೂಕ ಜಾಸ್ತಿಯಾಗಿದೆ.

ಇದಾದ ಮೇಲೆ ಎರಡು ಸಲ ಕಣ್ಣಿನಿಂದ ನೋಡಬೇಕು. ನಾಯಿ ನಿಂತಿರುವಾಗ ಮೇಲಿನಿಂದ ನೋಡಿ. ಪಕ್ಕೆ ಮುಗಿದ ಮೇಲೆ ಮೈ ಸ್ವಲ್ಪ ಒಳಕ್ಕೆ ಹೋಗಿ ಸೊಂಟ ಕಾಣಬೇಕು. ಭುಜದಿಂದ ಬಾಲದವರೆಗೆ ಒಂದೇ ಅಗಲ ಇದ್ದರೆ ಬೊಜ್ಜು ಬಂದಿದೆ. ಆಮೇಲೆ ಪಕ್ಕದಿಂದ ನೋಡಿ. ಎದೆಯಿಂದ ಹಿಂಗಾಲಿನ ಕಡೆಗೆ ಹೊಟ್ಟೆ ಮೇಲಕ್ಕೆ ಏರುತ್ತಾ ಹೋಗಬೇಕು. ಹೊಟ್ಟೆಯ ಗೆರೆ ನೆಲಕ್ಕೆ ಸಮನಾಗಿದ್ದರೆ ಅಥವಾ ಜೋತಿದ್ದರೆ ತೂಕ ಇಳಿಸಬೇಕು.

ಇಂಡಿಯನ್ ಸ್ಪಿಟ್ಜ್, ಗೋಲ್ಡನ್ ರಿಟ್ರೀವರ್, ಪರ್ಷಿಯನ್ ಬೆಕ್ಕು, ಇವೆಲ್ಲ ಕೂದಲಿನೊಳಗೆ ಅಡಗಿಕೊಂಡಿರುತ್ತವೆ. ಅವುಗಳಲ್ಲಿ ಕಣ್ಣಿಗೆ ಏನೂ ಗೊತ್ತಾಗುವುದಿಲ್ಲ, ಕೈಯೇ ಗತಿ. ಸ್ನಾನ ಮಾಡಿಸುವಾಗ ಮೈ ಒದ್ದೆಯಾದ ಕೂಡಲೇ ನಿಜವಾದ ಆಕಾರ ಬಯಲಾಗುತ್ತದೆ. ಆಗ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಎರಡು ತಿಂಗಳ ನಂತರ ಹೋಲಿಸಿ ನೋಡಲು ಆಗುತ್ತದೆ.

ಬೆಕ್ಕಿನ ವಿಷಯದಲ್ಲಿ ಒಂದು ಗೊಂದಲ ಇದೆ. ಹಿಂಗಾಲುಗಳ ನಡುವೆ, ಹೊಟ್ಟೆಯ ಕೆಳಗೆ ಸಡಿಲವಾದ ಚರ್ಮ ಜೋತಾಡುತ್ತಿರುತ್ತದೆ. ನಡೆಯುವಾಗ ಅತ್ತಿತ್ತ ಅಲ್ಲಾಡುತ್ತದೆ. ಅದು ಬೊಜ್ಜಲ್ಲ. ಎಷ್ಟೋ ತೆಳ್ಳಗಿನ ಬೆಕ್ಕುಗಳಿಗೂ ಅದು ಸಹಜವಾಗಿ ಇರುತ್ತದೆ. ಹಿಡಿದು ನೋಡಿದಾಗ ಖಾಲಿ ಚೀಲದ ಹಾಗೆ ಇದ್ದರೆ ಚಿಂತೆ ಬೇಡ. ಒಳಗೆ ದಪ್ಪನೆ ತುಂಬಿಕೊಂಡಿದ್ದರೆ ಕೊಬ್ಬು ಸೇರಿದೆ.

ಇನ್ನೊಂದು ಅಪವಾದ ನಮ್ಮ ನಾಡಿನದ್ದೇ. ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿ. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರದ ಸ್ಟಾಂಪ್ ತಂದಿತ್ತು. ಇಲ್ಲಿ ಮಹಾರಾಷ್ಟ್ರದಲ್ಲಿ ಕಾರವಾನ್ ಅನ್ನುವುದು ಹೆಚ್ಚು. ಓಡಿ ಬೇಟೆಯಾಡಲೆಂದೇ ಬೆಳೆಸಿದ ತಳಿ ಅದು. ಹಿಂದಿನ ಕೆಲವು ಪಕ್ಕೆಲುಬು ಸ್ವಲ್ಪ ಕಾಣುವುದು, ಸೊಂಟ ಸೆಳೆದುಕೊಂಡಿರುವುದು ಅದಕ್ಕೆ ಸಹಜ. ಅದನ್ನು ಫ್ಲ್ಯಾಟಿಗೆ ತಂದು, ನೋಡಿದವರೆಲ್ಲ "ಏನ್ರೀ, ಊಟ ಹಾಕಲ್ವಾ?" ಅಂತ ಕೇಳುವುದನ್ನು ತಾಳಲಾರದೆ ತಿನ್ನಿಸಿ ತಿನ್ನಿಸಿ ದಪ್ಪ ಮಾಡಿದವರಿದ್ದಾರೆ. ಆ ನಾಯಿಗೆ ಅದಕ್ಕಿಂತ ದೊಡ್ಡ ಅನ್ಯಾಯ ಇಲ್ಲ.

ಕಣ್ಣು ಮೋಸ ಹೋಗುವುದು ಯಾಕೆ

ಸುತ್ತಮುತ್ತ ಕಾಣುವುದನ್ನೇ ನಾವು ಸರಿ ಅಂದುಕೊಳ್ಳುತ್ತೇವೆ. ಕಟ್ಟಡದಲ್ಲಿರುವ ನಾಲ್ಕು ಲ್ಯಾಬ್ರಡಾರ್‌ಗಳೂ ದಪ್ಪ ಇದ್ದರೆ ಐದನೆಯ ತೆಳ್ಳಗಿನ ಲ್ಯಾಬ್ ಕಾಯಿಲೆಯದ್ದಾಗಿ ಕಾಣುತ್ತದೆ. ಸಾಕುವವರು ತಮ್ಮ ಪ್ರಾಣಿಯ ತೂಕವನ್ನು ಕಡಿಮೆ ಅಂದಾಜು ಮಾಡುತ್ತಾರೆ ಅಂತ ಬೇರೆ ಬೇರೆ ದೇಶಗಳ ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಇದು ಪ್ರೀತಿಯಿಂದ ಆಗುವ ತಪ್ಪು, ಅಸಡ್ಡೆಯಿಂದ ಅಲ್ಲ.

ಪ್ರದರ್ಶನಕ್ಕೆ ಬರುವ ನಾಯಿಗಳೂ ಈ ತಪ್ಪಿಗೆ ಹೊರತಲ್ಲ. ಬ್ರಿಟನ್ನಿನ ಕ್ರಫ್ಟ್ಸ್ ಜಗತ್ತಿನ ಅತಿ ಹೆಸರಾದ ಶ್ವಾನ ಪ್ರದರ್ಶನ. ಅಲ್ಲಿ ಸ್ಥಾನ ಗಳಿಸಿದ ನಾಯಿಗಳ ಚಿತ್ರಗಳನ್ನು ಇಟ್ಟುಕೊಂಡು ಪಶುವೈದ್ಯ ಸಂಶೋಧಕರು ಅಂಕ ಕೊಟ್ಟು ನೋಡಿದರು. ಸುಮಾರು ನಾಲ್ಕರಲ್ಲಿ ಒಂದು ನಾಯಿಯ ತೂಕ ಜಾಸ್ತಿ ಇತ್ತು. ಅದರಲ್ಲೂ ಪಗ್ ಮತ್ತು ಲ್ಯಾಬ್ರಡಾರ್ ಮುಂದಿದ್ದವು. ಬಹುಮಾನ ಪಡೆದ ನಾಯಿಯೇ ದಪ್ಪಗಿದ್ದರೆ ಅದನ್ನು ನೋಡಿ ಕಲಿಯುವ ನಮ್ಮ ಕಣ್ಣಿನದ್ದೇನು ತಪ್ಪು?

ಮರಿಗಳ ಬಗ್ಗೆಯೂ ಹೀಗೆಯೇ. ಮರಿ ಅಂದರೆ ಉರುಟಾಗಿರಬೇಕು ಅಂತ ಎಲ್ಲರ ಆಸೆ. ದೊಡ್ಡ ತಳಿಯ ಮರಿಗೆ ಜಾಸ್ತಿ ತಿನ್ನಿಸಿದರೆ ಅದು ಬೇಗ ಬೇಗ ಬೆಳೆದು ಸೊಂಟದ ಕೀಲು, ಎಲುಬುಗಳ ತೊಂದರೆ ಹೆಚ್ಚುತ್ತದೆ. ಮೈಯೆಲ್ಲ ತೆಳ್ಳಗಿದ್ದು ಹೊಟ್ಟೆ ಮಾತ್ರ ಉಬ್ಬಿದ್ದರೆ ಜಂತುಹುಳ ಇರುವ ಸಾಧ್ಯತೆ ಹೆಚ್ಚು.

"ಸ್ವಲ್ಪ ದಪ್ಪ ಇದ್ದರೆ ಏನಾಯ್ತು?"

ಇದಕ್ಕೆ ಒಳ್ಳೆಯ ಉತ್ತರ 48 ಲ್ಯಾಬ್ರಡಾರ್‌ಗಳಿಂದ ಸಿಕ್ಕಿದೆ. ನಾಯಿ ಆಹಾರ ತಯಾರಿಸುವ ಪ್ಯುರಿನಾ ಕಂಪನಿ ಅಮೆರಿಕದಲ್ಲಿ 14 ವರ್ಷ ನಡೆಸಿದ ಅಧ್ಯಯನ ಇದು. ಒಂದೇ ತಾಯಿಯ ಮರಿಗಳನ್ನು ಜೋಡಿ ಜೋಡಿಯಾಗಿ ಇಟ್ಟರು. ಒಟ್ಟು 24 ಜೋಡಿ. ಎರಡಕ್ಕೂ ಒಂದೇ ಆಹಾರ. ಆದರೆ ಜೋಡಿಯಲ್ಲಿ ಒಂದು ತಿಂದದ್ದಕ್ಕಿಂತ ಶೇಕಡಾ 25 ಕಡಿಮೆ ಇನ್ನೊಂದಕ್ಕೆ. ಹುಟ್ಟಿದ ಕೆಲವೇ ವಾರಗಳಿಂದ ಸಾಯುವವರೆಗೆ ಹೀಗೇ ನಡೆಯಿತು. 2002ರಲ್ಲಿ ಫಲಿತಾಂಶ ಬಂತು. ಜಾಸ್ತಿ ತಿಂದ ಗುಂಪಿನ ಮಧ್ಯಮ ಆಯಸ್ಸು, ಅಂದರೆ ಗುಂಪಿನ ಅರ್ಧ ನಾಯಿಗಳು ಬದುಕಿದ್ದ ವಯಸ್ಸು, 11.2 ವರ್ಷ. ಕಡಿಮೆ ತಿಂದ ಗುಂಪಿನದ್ದು 13 ವರ್ಷ. ಹತ್ತಿರ ಹತ್ತಿರ ಎರಡು ವರ್ಷದ ವ್ಯತ್ಯಾಸ! ಗಂಟುನೋವಿಗೆ ಔಷಧಿ ಬೇಕಾದ ವಯಸ್ಸು ಜಾಸ್ತಿ ತಿಂದ ಗುಂಪಿನಲ್ಲಿ ಸುಮಾರು 10, ಕಡಿಮೆ ತಿಂದ ಗುಂಪಿನಲ್ಲಿ 13.

ಇಲ್ಲಿ ಗಮನಿಸಬೇಕಾದದ್ದು ಬೇರೆಯೇ ಇದೆ. ಜಾಸ್ತಿ ತಿಂದ ಗುಂಪಿನ ನಾಯಿಗಳು ನಡೆಯಲಾರದಷ್ಟು ದಪ್ಪ ಏನೂ ಇರಲಿಲ್ಲ. ಅವುಗಳ ಸರಾಸರಿ ಅಂಕ 9ಕ್ಕೆ 6.7. ಅಂದರೆ ದಾದರ್, ಮುಲುಂದ್, ಡೊಂಬಿವಲಿಯ ಯಾವುದೇ ಸೊಸೈಟಿಯ ಗೇಟಿನಲ್ಲಿ ಕಂಡರೆ "ಮೈಕೈ ತುಂಬಿಕೊಂಡು ಚೆನ್ನಾಗಿದೆ" ಅನ್ನುವಂಥ ನಾಯಿಗಳು. ತೆಳ್ಳಗಿನ ಗುಂಪಿನ ಸರಾಸರಿ 4.6. ಅವನ್ನು ಕಂಡರೆ ನಮ್ಮವರು "ಪಾಪ" ಅನ್ನುತ್ತಿದ್ದರು. ಎರಡು ವರ್ಷ ಜಾಸ್ತಿ ಬದುಕಿದ್ದು ಆ ಪಾಪದ ನಾಯಿಗಳು.

ಯಾಕೆ ಹೀಗೆ? ಕೊಬ್ಬು ಅಂದರೆ ಸುಮ್ನೆ ಮೈಮೇಲೆ ಕುಳಿತ ಭಾರವಲ್ಲ. ಅದು ಉರಿಯೂತ ಹೆಚ್ಚಿಸುವ ರಾಸಾಯನಿಕಗಳನ್ನು ರಕ್ತಕ್ಕೆ ಬಿಡುತ್ತಲೇ ಇರುತ್ತದೆ. ಕೀಲಿನ ಮೇಲೆ ಭಾರವೂ ಬೀಳುತ್ತದೆ, ಈ ಉರಿಯೂತವೂ ಸೇರುತ್ತದೆ. ದಪ್ಪ ಬೆಕ್ಕುಗಳಲ್ಲಿ ಸಕ್ಕರೆ ಕಾಯಿಲೆಯ ಅಪಾಯ ಸರಿ ತೂಕದ ಬೆಕ್ಕುಗಳಿಗಿಂತ ಸುಮಾರು ನಾಲ್ಕು ಪಟ್ಟು. ಹಿಂಭಾಗಕ್ಕೆ ನಾಲಿಗೆ ಎಟುಕದೆ ಅವು ಮೈ ಸ್ವಚ್ಛ ಮಾಡಿಕೊಳ್ಳಲಾರವು. ಅಲ್ಲಿ ಕೂದಲು ಗಂಟು ಕಟ್ಟುತ್ತದೆ, ಚರ್ಮ ಕೆಡುತ್ತದೆ.

ಮುಂಬೈಯಲ್ಲಿ ಇದರ ಜೊತೆಗೆ ಹವೆಯ ತೊಂದರೆ. ನಾಯಿ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ನಾಲಿಗೆ ಚಾಚಿ ಏದುಸಿರು ಬಿಡುತ್ತಾ, ಬಾಯಿಯ ತೇವ ಆರಿಸಿ ಮೈ ತಂಪು ಮಾಡಿಕೊಳ್ಳುತ್ತದೆ. ಗಾಳಿಯಲ್ಲೇ ನೀರಿನಂಶ ತುಂಬಿರುವಾಗ ಆ ತೇವ ಬೇಗ ಆರುವುದಿಲ್ಲ. ಮೇಲಿಂದ ಕೊಬ್ಬಿನ ಪದರ ಒಳಗಿನ ಬಿಸಿಯನ್ನು ಹೊರಗೆ ಬಿಡುವುದಿಲ್ಲ. ಪಗ್‌ನಂಥ ಮೊಂಡು ಮೂಗಿನ ನಾಯಿಯ ಉಸಿರಿನ ದಾರಿ ಮೊದಲೇ ಇಕ್ಕಟ್ಟು. ಕತ್ತಿನ ಸುತ್ತ ಕೊಬ್ಬು ಸೇರಿದರೆ ಅದು ಇನ್ನೂ ಕಿರಿದಾಗುತ್ತದೆ. ಮೇ ತಿಂಗಳ ಮಧ್ಯಾಹ್ನ ದಪ್ಪ ಪಗ್ ಅನ್ನು ಕೆಳಗೆ ಕರೆದುಕೊಂಡು ಹೋಗುವುದು ಅದರ ಜೀವಕ್ಕೇ ಅಪಾಯ. ಮೆಟ್ಟಿಲ ಬಳಿ ಬಿದ್ದುಕೊಂಡು ಗೊರಗೊರ ಅನ್ನುವ ಪಗ್ ನೋಡಿ "ಎಷ್ಟು ಮುದ್ದಾಗಿ ಗೊರಕೆ ಹೊಡೆಯುತ್ತೆ" ಅನ್ನುತ್ತೇವೆ. ಎಷ್ಟೋ ಸಲ ಅದು ಉಸಿರಿಗಾಗಿ ಪಡುತ್ತಿರುವ ಕಷ್ಟ.

ಈ ತೂಕ ಎಲ್ಲಿಂದ ಬರುತ್ತದೆ

"ನಮ್ಮ ನಾಯಿ ಊಟವೇ ಮಾಡುವುದಿಲ್ಲ, ಆದರೂ ದಪ್ಪ" ಅನ್ನುವವರು ತುಂಬಾ ಜನ. ತಟ್ಟೆಯ ಊಟ ಮಾಡದೇ ಇರಬಹುದು. ತಟ್ಟೆಯ ಹೊರಗಿನದ್ದನ್ನು ಒಮ್ಮೆ ಕೂಡಿಸಿ ನೋಡೋಣ.

ಫ್ಲ್ಯಾಟಿನಲ್ಲಿ ಆರಾಮಾಗಿರುವ, ಸಂತಾನಹರಣ ಚಿಕಿತ್ಸೆಯಾದ 8 ಕಿಲೋ ಪಗ್‌ಗೆ ದಿನಕ್ಕೆ ಸುಮಾರು 400ರಿಂದ 460 ಕ್ಯಾಲರಿ ಸಾಕು. ಗ್ಲೂಕೋಸ್ ಬಿಸ್ಕೆಟ್ ಒಂದರಲ್ಲಿ ಹೆಚ್ಚು ಕಡಿಮೆ 20ರಿಂದ 25 ಕ್ಯಾಲರಿ. ಬೆಳಗ್ಗೆ ಅಜ್ಜನ ಚಹಾದ ಜೊತೆ ಎರಡು, ಸಂಜೆ ಅಮ್ಮನ ಚಹಾದ ಜೊತೆ ಎರಡು. ಅಲ್ಲಿಗೆ 90. ರಾತ್ರಿ ಉಳಿದ ಒಂದು ಚಪಾತಿ, ಅದು 100ರ ಹತ್ತಿರ. ದಿನದ ಲೆಕ್ಕದಲ್ಲಿ ಅರ್ಧಕ್ಕೆ ಸ್ವಲ್ಪ ಕಡಿಮೆ ಆಗಲೇ ಮುಗಿಯಿತು, ತಟ್ಟೆಗೆ ಇನ್ನೂ ಏನೂ ಬಿದ್ದಿಲ್ಲ. ಕೆಳಗೆ ವಾಚ್‌ಮನ್ ಕೊಡುವುದು, ಭಾನುವಾರದ ಕೋರಿ ಸುಕ್ಕದ ತುಂಡು, ಶಾಲೆಯಿಂದ ಬಂದ ಮಗುವಿನ ಡಬ್ಬಿಯಲ್ಲಿ ಉಳಿದದ್ದು, ಇವು ಯಾರ ಲೆಕ್ಕಕ್ಕೂ ಸಿಗುವುದಿಲ್ಲ. (ಸುಕ್ಕದ ಮಸಾಲೆಯ ಈರುಳ್ಳಿ, ಬೆಳ್ಳುಳ್ಳಿ ನಾಯಿ ಬೆಕ್ಕುಗಳಿಗೆ ವಿಷ. ತೂಕದ ಮಾತು ಬಿಟ್ಟರೂ ಅದನ್ನು ಕೊಡಲೇಬಾರದು.)

ನಾಯಿಯ ತೂಕ ಎರಡು ಪಟ್ಟಾದರೆ ಊಟವೂ ಎರಡು ಪಟ್ಟು ಬೇಕು ಅನ್ನುವುದೂ ತಪ್ಪು. ಸುಮ್ಮನೆ ಮಲಗಿದ್ದಾಗ 10 ಕಿಲೋ ನಾಯಿಗೆ ಸುಮಾರು 400 ಕ್ಯಾಲರಿ ಬೇಕಾದರೆ, 20 ಕಿಲೋ ನಾಯಿಗೆ 660ರಷ್ಟು ಸಾಕು. ಮೈ ದೊಡ್ಡದಾದಷ್ಟೂ ಕಿಲೋ ಒಂದಕ್ಕೆ ಬೇಕಾದ ಶಕ್ತಿ ಕಡಿಮೆಯಾಗುತ್ತಾ ಬರುತ್ತದೆ.

ಸಂತಾನಹರಣ ಚಿಕಿತ್ಸೆಯಿಂದ ದಪ್ಪಗಾಗುತ್ತವೆ ಅನ್ನುವುದರಲ್ಲಿ ಅರ್ಧ ಸತ್ಯ ಇದೆ. ಆಪರೇಷನ್ ನಂತರ ಬೇಕಾಗುವ ಶಕ್ತಿ ಶೇಕಡಾ 20ರಿಂದ 30ರಷ್ಟು ಇಳಿಯುತ್ತದೆ, ಹಸಿವು ಮಾತ್ರ ಏರುತ್ತದೆ. ಊಟ ಮೊದಲಿನಷ್ಟೇ ಹಾಕಿದರೆ ತೂಕ ಏರುತ್ತದೆ. ಆಪರೇಷನ್ ಆದ ವಾರದಿಂದಲೇ ಅಳತೆ ಕಡಿಮೆ ಮಾಡಿದರೆ ಏರುವುದಿಲ್ಲ. ಚಿಕಿತ್ಸೆ ಮಾಡಿಸದೇ ಇರುವುದಕ್ಕೆ ಇದು ಕಾರಣ ಆಗಬಾರದು.

"ಹಸಿದ ಕಣ್ಣಲ್ಲಿ ನೋಡುತ್ತೆ, ಹೇಗೆ ಬಿಟ್ಟು ತಿನ್ನಲಿ?" ಅನ್ನುವ ಮಾತಿಗೂ ವಿವರಣೆ ಇದೆ. 2016ರಲ್ಲಿ ಕೇಂಬ್ರಿಜ್ ವಿಜ್ಞಾನಿಗಳು ಲ್ಯಾಬ್ರಡಾರ್‌ಗಳ ಒಂದು ವಂಶವಾಹಿಯಲ್ಲಿ ಸಣ್ಣ ಚೂರು ಕಾಣೆಯಾಗಿರುವುದನ್ನು ಗುರುತಿಸಿದರು. ಆ ವಂಶವಾಹಿಯ ಹೆಸರು ಪಿಓಎಂಸಿ. ಹೊಟ್ಟೆ ತುಂಬಿತು ಅನ್ನುವ ಸೂಚನೆ ಮೆದುಳಿಗೆ ಸರಿಯಾಗಿ ತಲುಪಲು ಇದು ಬೇಕು. ಸುಮಾರು ನಾಲ್ಕರಲ್ಲಿ ಒಂದು ಲ್ಯಾಬ್‌ನಲ್ಲಿ ಈ ಕೊರತೆ ಇದೆ. ಅಂಥ ನಾಯಿ ನಾಟಕ ಆಡುತ್ತಿಲ್ಲ, ಅದಕ್ಕೆ ನಿಜವಾಗಿಯೂ ಹಸಿವು. ಆದರೆ ಆ ಹಸಿವು ಊಟ ಸಾಲದು ಅನ್ನುವುದಕ್ಕೆ ಸಾಕ್ಷಿಯಲ್ಲ. ಇಂಥ ನಾಯಿ ಸಾಕಿದವರು ಉಳಿದವರಿಗಿಂತ ಹೆಚ್ಚು ಗಟ್ಟಿ ಮನಸ್ಸು ಮಾಡಬೇಕಾಗುತ್ತದೆ. ಅದು ಸುಲಭವಲ್ಲ.

ಇಳಿಸುವುದು ಹೇಗೆ

ವಾಕಿಂಗ್ ಜಾಸ್ತಿ ಮಾಡಿಸಿದರೆ ಆಯಿತು ಅಂತ ಹೆಚ್ಚಿನವರ ಲೆಕ್ಕಾಚಾರ. ಶಿವಾಜಿ ಪಾರ್ಕಿನ ಕಟ್ಟೆ ಸುತ್ತ ಒಂದು ಸುತ್ತು ಅಂದರೆ ಸುಮಾರು 1.2 ಕಿಲೋಮೀಟರ್. 10 ಕಿಲೋ ನಾಯಿ ಒಂದು ಗ್ಲೂಕೋಸ್ ಬಿಸ್ಕೆಟ್ ಕರಗಿಸಲು ಅಲ್ಲಿ ಹೆಚ್ಚು ಕಡಿಮೆ ಒಂದೂವರೆ ಸುತ್ತು ನಡೆಯಬೇಕು. ವಾಕಿಂಗ್ ಬೇಕೇ ಬೇಕು, ಸ್ನಾಯು ಉಳಿಯುವುದು ಅದರಿಂದಲೇ. ಆದರೆ ತೂಕ ಇಳಿಯುವುದು ತಟ್ಟೆಯಿಂದ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯಲ್ಲಿ ವಾಕಿಂಗ್ ತಪ್ಪುವ ಈ ಊರಿನಲ್ಲಿ ಇದನ್ನು ನೆನಪಿಡಲೇಬೇಕು. ನಡಿಗೆ ಕಡಿಮೆಯಾದ ತಿಂಗಳುಗಳಲ್ಲಿ ಊಟವೂ ಸ್ವಲ್ಪ ಕಡಿಮೆಯಾಗಬೇಕು.

ಮೊದಲು ಅಡುಗೆಮನೆಯ ತಕ್ಕಡಿ ತೆಗೆಯಿರಿ. ಲೋಟದಲ್ಲಿ, ಹಿಡಿಯಲ್ಲಿ ಅಳೆದರೆ ಪ್ರತಿದಿನ ಹೆಚ್ಚು ಬೀಳುತ್ತದೆ. ಒಣ ಆಹಾರವಾದರೆ ದಿನದ್ದನ್ನು ಗ್ರಾಂ ಲೆಕ್ಕದಲ್ಲಿ ಬೆಳಗ್ಗೆಯೇ ಒಂದು ಡಬ್ಬಿಗೆ ಹಾಕಿಡಿ. ಮನೆಯಲ್ಲಿ ಯಾರು ಕೊಟ್ಟರೂ ಆ ಡಬ್ಬಿಯಿಂದಲೇ ಕೊಡಲಿ. ಅಜ್ಜ ಅಜ್ಜಿಗೆ ಕೊಡುವ ಖುಷಿ ತಪ್ಪುವುದಿಲ್ಲ, ಲೆಕ್ಕವೂ ತಪ್ಪುವುದಿಲ್ಲ. ತಿಂಡಿ ಅಂತ ಕೊಡುವುದೆಲ್ಲ ಸೇರಿ ದಿನದ ಕ್ಯಾಲರಿಯ ಶೇಕಡಾ 10 ದಾಟಬಾರದು. ಆ 8 ಕಿಲೋ ಪಗ್‌ಗೆ ಅದು ಎರಡೇ ಬಿಸ್ಕೆಟ್. ಅದರ ಬದಲು ಸೌತೆಕಾಯಿ, ಗಜ್ಜರಿ, ಬೇಯಿಸಿದ ಬೀನ್ಸ್ ಚೂರು ಕೊಟ್ಟರೆ ನಾಯಿಗೂ ಸಿಕ್ಕಿದ ಸಮಾಧಾನ. ದ್ರಾಕ್ಷಿ ಮಾತ್ರ ಬೇಡ, ಒಣದ್ರಾಕ್ಷಿಯೂ ಬೇಡ.

ಬೆಕ್ಕಿಗೆ ಬಟ್ಟಲು ತುಂಬಿಟ್ಟು ಆಫೀಸಿಗೆ ಹೋಗುವ ಅಭ್ಯಾಸ ಬಿಡಬೇಕು. 4 ಕಿಲೋ ಬೆಕ್ಕಿಗೆ ದಿನಕ್ಕೆ 200ರಿಂದ 240 ಕ್ಯಾಲರಿ, ಅಂದರೆ ಒಣ ಆಹಾರ ಸುಮಾರು 50ರಿಂದ 65 ಗ್ರಾಂ. ಅದನ್ನು ನಾಲ್ಕು ಪಾಲು ಮಾಡಿ, ಮನೆಯಲ್ಲಿ ಅಲ್ಲಲ್ಲಿ ಅಡಗಿಸಿಟ್ಟರೆ ಹುಡುಕಿಕೊಂಡು ಓಡಾಡುತ್ತದೆ.

ಅವಸರ ಮಾತ್ರ ಬೇಡ. ನಾಯಿ ವಾರಕ್ಕೆ ತನ್ನ ತೂಕದ ಶೇಕಡಾ 1ರಿಂದ 2 ಇಳಿದರೆ ಸಾಕು. 12 ಕಿಲೋ ಬೀಗಲ್‌ಗೆ ಅದು 120ರಿಂದ 240 ಗ್ರಾಂ. ಬೆಕ್ಕಿಗೆ ಅದಕ್ಕಿಂತಲೂ ನಿಧಾನ, ಶೇಕಡಾ ಅರ್ಧದಿಂದ ಒಂದು. ಮಾಮೂಲಿ ಆಹಾರವನ್ನೇ ತುಂಬಾ ಕಡಿಮೆ ಮಾಡಿದರೆ ಪೋಷಕಾಂಶ ಸಾಲದೆ ಬರುತ್ತದೆ. ಜಾಸ್ತಿ ಇಳಿಸಬೇಕಾದರೆ ಡಾಕ್ಟರು ಬೇರೆ ಆಹಾರ ಹೇಳುತ್ತಾರೆ. ಹದಿನೈದು ದಿನಕ್ಕೊಮ್ಮೆ ತೂಕ ನೋಡಿ. ನಾಯಿಯನ್ನು ಎತ್ತಿಕೊಂಡು ಮನೆಯ ತೂಕದ ಯಂತ್ರದ ಮೇಲೆ ನಿಂತು, ನಿಮ್ಮ ತೂಕ ಕಳೆದರೆ ಆಯಿತು. ಬೆಕ್ಕಿಗೆ ಈ ಲೆಕ್ಕ ಅಷ್ಟು ಸರಿ ಬರುವುದಿಲ್ಲ, ಅದಕ್ಕೆ ಕ್ಲಿನಿಕ್ಕಿನ ತಕ್ಕಡಿಯೇ ವಾಸಿ.

ನಿಜವಾಗಿಯೂ ಸೊರಗಿದ್ದರೆ

ಇಷ್ಟೆಲ್ಲ ಓದಿ ತೆಳ್ಳಗಾಗಿದ್ದೆಲ್ಲ ಒಳ್ಳೆಯದು ಅಂದುಕೊಳ್ಳಬೇಡಿ. ನೀವು ಊಟ ಬದಲಿಸದೆ ತೂಕ ಇಳಿಯುತ್ತಿದ್ದರೆ ಅದು ಕಾಯಿಲೆಯ ಗುರುತು. ಮುಂಬೈಯಲ್ಲಿ ನಾಯಿಗಳಿಗೆ ಉಣ್ಣಿಯಿಂದ ಬರುವ ಜ್ವರ ಸಾಮಾನ್ಯ. ಜಂತುಹುಳ, ಸಕ್ಕರೆ ಕಾಯಿಲೆಯಿಂದಲೂ ಮೈ ಇಳಿಯುತ್ತದೆ. ವಯಸ್ಸಾದ ಬೆಕ್ಕುಗಳಲ್ಲಿ ಮೂತ್ರಪಿಂಡದ ತೊಂದರೆ, ಥೈರಾಯ್ಡ್ ಹೆಚ್ಚಾಗುವುದು ಇದಕ್ಕೆ ಕಾರಣ ಆಗಬಹುದು. ಮುದಿ ನಾಯಿಗಳಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಪಕ್ಕೆಯ ಮೇಲೆ ಕೊಬ್ಬು ಹಾಗೇ ಇದ್ದು ಬೆನ್ನುಮೂಳೆಯ ಎರಡೂ ಬದಿಯ, ತೊಡೆಯ ಸ್ನಾಯು ಕರಗಿರುತ್ತದೆ. ತಕ್ಕಡಿಯಲ್ಲಿ ತೂಕ ಸರಿ ಕಾಣುತ್ತದೆ, ಕೈಯಾಡಿಸಿದರೆ ಬೆನ್ನು ಚೂಪಾಗಿ ಸಿಗುತ್ತದೆ. ಮೈ ಸೊರಗಿ ಹೊಟ್ಟೆ ಮಾತ್ರ ಉಬ್ಬಿದರೆ ಒಳಗೆ ನೀರು ತುಂಬಿರಬಹುದು. ಅದನ್ನು ಬೊಜ್ಜು ಅಂದುಕೊಂಡು ಊಟ ಕಡಿಮೆ ಮಾಡಬಾರದು.

ದಪ್ಪ ಬೆಕ್ಕು ಊಟ ಬಿಟ್ಟರೆ "ಒಳ್ಳೆಯದೇ ಆಯ್ತು, ಸ್ವಲ್ಪ ಇಳಿಯಲಿ" ಅಂತ ಸುಮ್ಮನಿರಬೇಡಿ. ಎರಡು ಮೂರು ದಿನ ತಿನ್ನದಿದ್ದರೆ ಮೈಯ ಕೊಬ್ಬೆಲ್ಲ ಪಿತ್ತಜನಕಾಂಗಕ್ಕೆ ನುಗ್ಗಿ ಅದು ಕೆಲಸ ನಿಲ್ಲಿಸಬಹುದು, ಜೀವವೇ ಹೋಗಬಹುದು. ಒಂದು ದಿನ ಪೂರ್ತಿ ಏನೂ ತಿಂದಿಲ್ಲ ಅಂದರೆ ಮರುದಿನ ಬೆಳಗ್ಗೆಯೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.